ಬಿಳಿ ಪುಡಿ ಬಿದ್ದ ತೊಟ್ಟಿ

ಗುಳು ಗುಳು ಗುಳು. ಊರೆಲ್ಲ ಮಲಗಿದ ಮೇಲೂ ಗೋಡೆಯಾಚೆ ಕಿರಿ ಸೊಸೆಯ ತೊಟ್ಟಿಗೆ ಗಾಳಿ ಊದುವ ಪಂಪಿನ ಸದ್ದು. ಹಿರಿ ಸೊಸೆಗೆ ಅದು ತನ್ನನ್ನು ನೋಡಿ ನಕ್ಕಂತೆ ಕೇಳುತ್ತಿತ್ತು. ಕರೆಂಟು ದಂಡವೆಂದು ಅವಳು ರಾತ್ರಿ ತನ್ನ ಪಂಪು ನಿಲ್ಲಿಸಿಬಿಡುತ್ತಿದ್ದಳು.

ಇಬ್ಬರದ್ದೂ ಬಟ್ಟೆಗೆ ಬಣ್ಣ ಹಾಕುವ ಕೆಲಸ. ಅಕ್ಕಪಕ್ಕದ ಶೆಡ್ಡು, ಬಣ್ಣದ ಕೊಳಕು ನೀರು ತಿಳಿಮಾಡಲು ಒಂದೇ ಥರದ ಎರಡೆರಡು ತೊಟ್ಟಿ. ಮುಂದಿನ ತಿಂಗಳು ನಗರಸಭೆಯವರು ಬರುತ್ತಾರೆ. ಹೊರಗೆ ಬಿಡುವ ನೀರು ಕೊಳಕಾಗಿದ್ದರೆ ಶೆಡ್ಡಿಗೆ ಬೀಗ. ಕಿರಿಯವಳ ನೀರು ಆಗಲೇ ತಿಳಿಯಾಗಿತ್ತು. "ಅವಳ ಕೈಗುಣ ನೋಡು" ಎಂದು ಅತ್ತೆ ಹೊಗಳಿದ್ದು ಹಿರಿಯವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬೆಳಗಾದದ್ದೇ, ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ಪುಡಿಯನ್ನು ಕದಡಿ ಎರಡನೇ ತೊಟ್ಟಿಗೆ ಸುರಿದಳು. ಬಟ್ಟೆ ಬೆಳ್ಳಗಾಗುತ್ತದೆ, ನೀರು ಆಗುವುದಿಲ್ಲವೇ?

ಆಯಿತು. ಆದರೆ ವಾರ ಕಳೆಯುವಷ್ಟರಲ್ಲಿ ಮೂಗು ಬಿಡಲಾಗದ ನಾತ.

ಕಿರಿಯವಳು ಸೆರಗು ಮೂಗಿಗೊತ್ತಿ ಬಂದಳು. "ಏನಕ್ಕಾ ಹಾಕಿದ್ರಿ?"

"ನಾನೇನು ಹಾಕ್ಲಿ? ಮಂತ್ರ ಹಾಕೋಳು ನೀನು."

ತೊಟ್ಟಿಯಂಚಿನ ಬಿಳಿ ಪುಡಿ ಕಿರಿಯವಳ ಕಣ್ಣಿಗೆ ಬಿತ್ತು.

"ಮಂತ್ರ ಅಲ್ಲಕ್ಕಾ. ಮೊದಲ ತೊಟ್ಟಿಗೆ ಸುಣ್ಣ, ಪಟಿಕ ಹಾಕಿದ್ರೆ ಬಣ್ಣ ಗಸಿಯಾಗಿ ತಳ ಸೇರುತ್ತೆ. ಬಟ್ಟೆಯ ಗಂಜಿ, ಸೋಪು ನೀರಲ್ಲೇ ಉಳಿಯುತ್ತೆ. ಅದನ್ನ ಎರಡನೇ ತೊಟ್ಟಿಯ ಸೂಕ್ಷ್ಮಜೀವಿಗಳು ತಿಂದು ಮುಗಿಸ್ತವೆ. ಅವಕ್ಕೆ ಹಗಲೂ ರಾತ್ರಿ ಗಾಳಿ ಬೇಕು. ಬ್ಲೀಚಿಂಗ್ ಬಿದ್ರೆ ಸತ್ತೇ ಹೋಗ್ತವೆ, ನೀರು ಕೊಳೆತು ನಾರುತ್ತೆ."

"ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟು ಉಪಚಾರವೇ! ಗಂಡನಿಗೂ ನಾನು ಇಷ್ಟು ಮಾಡಿಲ್ಲ."

"ಬರೀ ಗಂಜಿ ಹಾಕಿದ್ರೆ ಭಾವ ಓಡಿಹೋಗ್ತಾರೆ. ಇವು ಹೋಗಲ್ಲ."

ಹಿರಿಯವಳಿಗೆ ನಗು ಬಂತು, ಹಿಂದೆಯೇ ಅಳು. "ನನ್ನ ಶೆಡ್ಡು ಮುಚ್ಚಿದ್ರೆ ನಿನಗೇ ಲಾಭ ಅಲ್ವೇನೇ?"

ಕಿರಿಯವಳು ತನ್ನ ಶೆಡ್ಡಿಗೆ ಹೋದಳು. ತನ್ನ ಎರಡನೇ ತೊಟ್ಟಿಯಿಂದ ಆ ಜೀವಿಗಳಿರುವ ಕಂದು ಬಗ್ಗಡವನ್ನು ಬಕೆಟ್ಟುಗಟ್ಟಲೆ ಹೊತ್ತು ತಂದು ಅಕ್ಕನ ತೊಟ್ಟಿಗೆ ಸುರಿದಳು. "ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಷ್ಟೇ. ಹೊಸ ನೀರು ಸ್ವಲ್ಪ ಸ್ವಲ್ಪವೇ ಬಿಡಿ. ಪಂಪು ಮಾತ್ರ ನಿಲ್ಲಿಸಬೇಡಿ."

ಆಮೇಲೆ ಗೋಡೆಯ ಎರಡೂ ಕಡೆ ಗುಳುಗುಳು. ತಪಾಸಣೆಯ ದಿನ ನಗರಸಭೆಯವರು ಹಿರಿಯವಳ ನೀರನ್ನು ಬಾಟಲಿಯಲ್ಲಿ ಹಿಡಿದು ನೋಡಿ, ಸರಿಯಿದೆ ಎಂದರು. ಅವಳ ಕಣ್ಣು ಮಾತ್ರ ಪಕ್ಕದಲ್ಲಿದ್ದ ಕಿರಿಯವಳ ಬಾಟಲಿಯ ಮೇಲೇ ಇತ್ತು: ಯಾರದು ಹೆಚ್ಚು ತಿಳಿ?

"ಆ ನಾತ ಹೆಂಗೇ ಹೋಯ್ತು?" ಎಂದು ಅತ್ತೆ ಕೇಳಿದರು.

"ಅಕ್ಕನ ಕೈಗುಣ" ಎಂದಳು ಕಿರಿಯವಳು.

ಬಣ್ಣದ ಕೆಲಸ ಮಾಡುವ ಅಕ್ಕತಂಗಿಯರೇ, ಗಾಳಿ ಊದುವ ತೊಟ್ಟಿಗೆ ಬ್ಲೀಚಿಂಗ್ ಹಾಕಬೇಡಿ, ಪಂಪು ನಿಲ್ಲಿಸಬೇಡಿ. ತೊಟ್ಟಿ ಕೆಟ್ಟರೆ ನಾಚದೆ ಪಕ್ಕದವರನ್ನು ಕೇಳಿ. ಅಕ್ಕನ ಬಿಳಿ ಪುಡಿಯ ವಿಷಯ ಯಾರಿಗೂ ಹೇಳಬಾರದೆಂದು ಕಿರಿಯವಳು ಅದನ್ನು ಕಂಡ ದಿನವೇ ತೀರ್ಮಾನಿಸಿದ್ದಳು.