ಜೋನಿ ಬೆಲ್ಲದೊಳಗಿನ ಗುಳಿ

ಮೈಸೂರಿನ ಗ್ರಾಹಕಿ ಕಳಿಸಿದ ಫೋಟೋದಲ್ಲಿ ನಮ್ಮ ಜೋನಿ ಬೆಲ್ಲದ, ಅಂದರೆ ಮಂದವಾದ ನೀರುಬೆಲ್ಲದ, ಬಾಟಲಿ ಇತ್ತು. ರವೆಗಟ್ಟಿದ ಬೆಲ್ಲದ ನಡುವೆ ಚಮಚ ಅದ್ದಿದ ಗುಳಿ. ಕೆಳಗೆ, ‘ಯಾರೋ ತಿಂದು ಬಿಟ್ಟಿದ್ದನ್ನು ಕಳಿಸಿದ್ದೀರಿ. ಹಣ ವಾಪಸು ಕೊಡಿ.’

ಅವಳೇ ತಿಂದು ಹೀಗೆ ಬರೆದಿದ್ದಾಳೆ ಎಂದುಕೊಂಡೆ. ಹಿಂದಿನ ಎರಡು ದೂರುಗಳಲ್ಲಿ ಸೋತಿದ್ದೆ. ಒಂದರಲ್ಲಿ ಬಾಟಲಿ ಒಡೆದಿತ್ತು. ಇನ್ನೊಂದರಲ್ಲಿ ಫೋನ್ ಮಾಡಿ ಮಾತಾಡಲು ಧೈರ್ಯ ಸಾಲದೆ ಸುಮ್ಮನೆ ಒಪ್ಪಿಕೊಂಡಿದ್ದೆ. ಇದರಲ್ಲೂ ಸೋತರೆ, ನಾವು ಬೆಲ್ಲ ಮಾರುವ ಆ್ಯಪ್‌ನಲ್ಲಿ ನಮ್ಮ ಅಂಗಡಿ ಮುಚ್ಚುತ್ತದೆ. ಡಿಗ್ರಿ ಮುಗಿಸಿ ನಮ್ಮೂರು ತ್ಯಾಗಲಿಯಲ್ಲಿ ಕೂತ ನನಗೆ, ಯಾರೆದುರೂ ನಿಲ್ಲದೆ ಮಾಡಬಹುದಾದ ಕೆಲಸ ಅದೊಂದೇ. ಪುಣ್ಯಕ್ಕೆ ಪ್ಯಾಕ್ ಮಾಡುವಾಗಿನ ವಿಡಿಯೋ ಇತ್ತು. ಹಾಕಿ ನೋಡಿದೆ.

ನಮ್ಮನೆಯ ಪರಿಮಳತ್ತೆ ರವೆಗಟ್ಟಿದ ಬೆಲ್ಲವನ್ನು ಬಾಟಲಿಗೆ ತುಂಬುತ್ತಾಳೆ. ತೂಕದ ಮಷಿನ್ನಿನ ಮೇಲಿಟ್ಟು ತೋರಿಸುತ್ತಾಳೆ. ಆಮೇಲೆ ಚಮಚ ಅದ್ದಿ, ಒಂದಿಷ್ಟು ಬೆಲ್ಲ ತೆಗೆದು ಡಬ್ಬಿಗೆ ಮರಳಿ ಹಾಕಿ, ಮುಚ್ಚಳ ಬಿಗಿಯುತ್ತಾಳೆ. ಪಕ್ಕದ ಮನೆಗೆ ಅಕ್ಕಿ ಕೊಡುವಾಗಲೂ ನಾಲ್ಕು ಕಾಳು ಹಿಂದಕ್ಕೆ ತೆಗೆದುಕೊಳ್ಳುವ ಕೈ ಅದು. ವಿಡಿಯೋ ಹಿಡಿದವಳು ನಾನೇ. ನೋಡಿ ನೋಡಿ ರೂಢಿಯಾಗಿ, ಕಣ್ಣಿಗೇ ಬಿದ್ದಿರಲಿಲ್ಲ.

“ಅತ್ತೆ, ತುಂಬಿದ್ಮೇಲೆ ತೆಗಿಯದು ಎಂತಕ್ಕೆ? ಬೇಕಾದ್ರೆ ಮೊದ್ಲೇ ತೆಗೆದಿಡು.”

“ಕೊಡದೇ ಇದ್ದಾಗ ತೆಗೆದ್ರೆ ಅದು ಎಂತದೇ ಕೂಸೆ? ಕೊಟ್ಟು, ಆಮೇಲೆ ಚೂರು ತಗಳವು. ಪೂರ್ತಿ ಕೊಟ್ಟು ಕಳ್ಸಿದ್ರೆ ಮನೇಲಿ ಎಂತೂ ಉಳೀತಿಲ್ಲೆ.” ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ನನ್ನ ಬಳೆ ಚಂದ ಕಾಣ್ತು. ಆ ಹೆಂಗ್ಸಿಗೆ ಇದ್ನೇ ಕಳ್ಸು. ಮೋಸ ಮಾಡಿದ್ವಿಲ್ಲೆ ಹೇಳಿ ಗೊತ್ತಾಗ್ತು.”

ವಿಡಿಯೋವನ್ನು ತೂಕ ತೋರಿಸಿದಲ್ಲಿಗೆ ಕತ್ತರಿಸಿದರೆ ಗೆಲ್ಲಬಹುದಿತ್ತು. ಕತ್ತರಿ ಗುರುತಿನ ಮೇಲೆ ಬೆರಳಿಟ್ಟೆ. ಆ ಹೆಂಗಸು ಸುಳ್ಳು ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ. ಗೆಲ್ಲಲು ಇನ್ನು ನಾನೊಬ್ಬಳು ಸುಳ್ಳು ಹೇಳಬೇಕಿತ್ತು. ಅದಕ್ಕೂ ಶಕ್ತಿ ಇರಲಿಲ್ಲ. ವಿಡಿಯೋ ಪೂರ್ತಿ ಆ್ಯಪ್‌ನವರಿಗೆ ಕಳಿಸಿ, ‘ಯಾರೂ ತಿಂದಿಲ್ಲ. ಆದರೆ ಗುಳಿ ನಮ್ಮದೇ’ ಎಂದು ಬರೆದೆ.

ಮರುದಿನ ಉತ್ತರ ಬಂತು. ಹಣ ಗ್ರಾಹಕಿಗೆ, ಅಂಗಡಿ ಬಂದ್.

“ವಿಡಿಯೋ ನೋಡಿದ್ವಡಾ?” ಅತ್ತೆ ಕೇಳಿದಳು.

“ಪೂರ್ತಿ ನೋಡಿದ್ವಡ.”

“ಅಷ್ಟಾದ್ರೆ ಸಾಕು.” ಇನ್ನೊಂದು ಬಾಟಲಿ ತುಂಬಿ ಮಷಿನ್ನಿನ ಮೇಲಿಟ್ಟಳು. ಚಮಚ ಅದ್ದುವ ಮೊದಲು ನನ್ನ ಕಡೆ ತಿರುಗಿದಳು. “ವಿಡಿಯೋ ಹಿಡಿತಿಲ್ಯನೇ?”

ನಾನು ಫೋನ್ ಎತ್ತಿ ಹಿಡಿದೆ.