ಬಾಗಿಲಿಂದ ಶುರು ಮಾಡಿದ ನೆಲ

ನೊಣ ಬಂದು ಕೂತಿತು, ನೆಲದ ಮೇಲೆ, ನನ್ನ ಕೆಂಪು ನೆಲದ ಮೇಲೆ, ಇನ್ನೂ ಆರದ ಹಸಿಯ ಮೇಲೆ, ಕೂತು ನಾಲ್ಕು ಹೆಜ್ಜೆ ನಡೆದು ಹಾರಿಯೂ ಹೋಯಿತು, ಒಂದು ಗುರುತಿಲ್ಲ — ಪುಣ್ಯವಂತ ಮುಂಡೇದು, ಕಾಲಿದ್ದರೆ ಹಾಗಿರಬೇಕು, ತೂಕವಿಲ್ಲ, ಹಿಮ್ಮಡಿಯಿಲ್ಲ, ಹೋಗಬೇಕು ಅನ್ನಿಸಿದಾಗ ಹೋಗಬಹುದು, ನಾನು ಮಾತ್ರ ಕಿಟಕಿ ಕಟ್ಟೆಯ ಮೇಲೆ ಕೋತಿಯ ಹಾಗೆ ಕೂತಿದ್ದೇನೆ, ಬೆನ್ನಿಗೆ ಕಬ್ಬಿಣದ ಸರಳು, ಎದುರಿಗೆ ಕೋಣೆಯಗಲ ಸಿಮೆಂಟು ಮತ್ತು ಕೆಂಪು ಪುಡಿಯ ಕೆನೆ, ಅದರ ಆಚೆ ತುದಿಗೆ ಬಾಗಿಲು, ಇರೋದೊಂದೇ ಬಾಗಿಲು. ನಿನ್ನೆ ಮೊನ್ನೆ ಕರಣೆ ಹಿಡಿದ ಹುಡುಗನೂ ಒಳಗಿನ ಗೋಡೆಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ, ಬಾಗಿಲಿಗೆ ಬಂದು ಮುಗಿಸಿ ಹೊಸ್ತಿಲು ದಾಟಿ ನಿಲ್ಲುತ್ತಾನೆ, ಅದು ಯಾರೂ ಕಲಿಸಬೇಕಾದ ವಿದ್ಯೆಯೇ ಅಲ್ಲ, ನಾನು ಬಾಗಿಲಿಂದ ಶುರು ಮಾಡಿದೆ. ಬಾಗಿಲಿಂದ! ಮೇಸ್ತ್ರಿ ನೋಡಿದರೆ ಏನಂತಾನೆ, ಲೋ ಸಿಡುಕ, ತಲೇನೂ ಚಪ್ಪಲಿ ಜೊತೆ ಹೊರಗೇ ಬಿಟ್ಟಿದ್ಯಾ ಅಂತಾನೆ — ಸಿಡುಕ ಅಂತಲೇ ಇಲ್ಲಿ ನನ್ನ ಹೆಸರು, ಸುಮ್ಮನೆ ಇಟ್ಟಿದ್ದಲ್ಲ, ದುಡಿದು ಸಂಪಾದಿಸಿದ್ದು — ಇವತ್ತು ಮೊದಲ ಸಲ ಇಡೀ ಕೋಣೆ ನನ್ನ ಕೈಗೆ ಕೊಟ್ಟ, ನಾವೆಲ್ಲ ಆ ಕಡೆ ಮನೆಗೆ ಹೋಗ್ತೀವಿ, ಸಂಜೆ ಬಂದು ನೋಡ್ತೀನಿ, ನನ್ನ ಮುಖ ಕಾಣಬೇಕು ಅದರಲ್ಲಿ ಅಂದ. ಕಾಣುತ್ತೆ ಬಾ, ನಿನ್ನ ಮುಖವೂ ಕಾಣುತ್ತೆ, ಕಿಟಕಿಯಲ್ಲಿ ಕೂತ ನನ್ನ ಮುಸುಡಿಯೂ ಕಾಣುತ್ತೆ. ಇಳಿದು ನಡೆದರೆ ಮುಗೀತು, ಹೆಜ್ಜೆ ಬಿದ್ದ ಜಾಗವನ್ನು ಆಮೇಲೆ ಎಷ್ಟು ತಿಕ್ಕಿದರೂ ಬಣ್ಣ ಕೂಡುವುದಿಲ್ಲ, ಈ ಮನೆ ಇರುವವರೆಗೂ ತೇಪೆ, ಹಲಗೆ ಹಾಕಿದರೆ ಹಲಗೆಯ ಗೆರೆ. ಸಂಜೆವರೆಗೆ ಇಲ್ಲೇ. ಬೆಳಿಗ್ಗೆ ಆ ಫೋನು ಬರದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ, ಅಮ್ಮನ ಫೋನು, ಮಗಾ ಇವತ್ತೇ ಹೊರಟ್ವಿ ಕಣೋ, ನಾನು ನೋಡ್ಕೊಳ್ಳೋ ಅಜ್ಜಿನ ಅವರ ಮಗನ ಊರಿಗೆ ಕರ್ಕೊಂಡು ಹೋಗ್ತಿದಾರೆ, ನಾನೂ ಜೊತೆಗೆ, ತುಂಬಾ ದೂರ, ಇನ್ನು ಈ ಕಡೆ ಬರೋದು ಯಾವಾಗಲೋ ಏನೋ, ಮಧ್ಯಾಹ್ನ ನಿಮ್ಮ ಬಸ್ ನಿಲ್ದಾಣದ ಹತ್ರ ಗಾಡಿ ನಿಲ್ಲಿಸ್ತಾರಂತೆ ಊಟಕ್ಕೆ, ಬಾರೋ, ಮುಖ ನೋಡ್ಕೊಂಡು ಹೋಗ್ತೀನಿ. ಕೆಲಸ ಇದೆ, ನೋಡ್ತೀನಿ, ಅಂದೆ, ಇಟ್ಟೆ, ಫೋನನ್ನು ಹೊರಗೆ ಜಗಲಿಯ ಮೇಲೆ ಚೀಲದೊಳಗೆ ತುರುಕಿದೆ, ಒಳಗೆ ಬಂದೆ, ಎಲ್ಲಿ ನಿಂತಿದ್ದೆನೋ ಅಲ್ಲೇ ಕೂತು ಕರಣೆ ಎಳೆದೆ, ಎಳೆದೇ ಎಳೆದೆ, ಯಾರದೋ ಮುಖವನ್ನೇ ಸವರುತ್ತಿದ್ದ ಹಾಗೆ, ಯಾರ ಮುಖ, ಗೊತ್ತಿಲ್ಲ, ಬೆನ್ನಿಗೆ ಗೋಡೆ ತಾಕಿದಾಗ ತಲೆ ಎತ್ತಿದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು. ಅಥವಾ ಮೂಗು ಬೇಡವೆಂದೇ ಕೊಯ್ದೆನಾ, ಹೋಗಲಾಗದ ಹಾಗೆ ನನ್ನನ್ನು ನಾನೇ ಮೂಲೆಗೆ ಸವರಿಕೊಂಡೆನಾ — ಥೂ, ಅಷ್ಟೆಲ್ಲ ಬುದ್ಧಿ ಇದ್ದಿದ್ದರೆ ಸ್ಕೂಲಲ್ಲೇ ಇರುತ್ತಿದ್ದೆ.

ಹಿಮ್ಮಡಿ ಉರಿಯುತ್ತಿದೆ, ಬಲಗಾಲಿನದು, ಬಾಯಿ ಬಿಟ್ಟಿದೆ, ಅದರೊಳಗೆ ಕೆಂಪು ಪುಡಿ ಹೊಕ್ಕು ಯಾವುದು ರಕ್ತ ಯಾವುದು ಬಣ್ಣ ಅಂತ ನನಗೇ ತಿಳಿಯದು, ಈ ಕೆಲಸದಲ್ಲಿ ಬರಿಗಾಲೇ ಬೇಕು, ಬೂಟು ಹಾಕಿದರೆ ನೆಲ ಗೀರುತ್ತೆ, ಬರಿಗಾಲನ್ನು ಸಿಮೆಂಟು ಸುಮ್ಮನೆ ಬಿಡುವುದಿಲ್ಲ, ಅದಕ್ಕೆ ಎಲ್ಲರ ನೀರೂ ಬೇಕು, ಮರಳಿನ ನೀರು, ಗೋಡೆಯ ನೀರು, ಚರ್ಮದ ನೀರು, ಹೀರಿ ಹೀರಿ ಗಟ್ಟಿಯಾಗುತ್ತೆ, ನಾವು ಬಿರಿಯುತ್ತೇವೆ. ಮದ್ದು ಹೇಳದವರಿಲ್ಲ. ಬಣ್ಣದವನು ಬಾಳೆಹಣ್ಣು ಕಿವುಚಿ ಮೆತ್ತು ಅಂದ, ಮೆತ್ತಿದೆ, ರಾತ್ರಿಯಿಡೀ ಇರುವೆ, ಎದ್ದು ಬೈಯಲು ಹೋದರೆ, ತಿನ್ನೋಕೂ ಹಣ್ಣಿಲ್ಲದವನು ಕಾಲಿಗೆ ತಿನ್ನಿಸಿದ್ಯಲ್ಲೋ, ಇರುವೆಗಳ ಆಶೀರ್ವಾದ ಇರ್ಲಿ ಅಂತ ಹಲ್ಲು ಕಿರಿದ. ಪೈಪಿನವನು ತನ್ನ ಅಂಟು ಕೊಟ್ಟ, ಎರಡು ಹನಿ ಬಿಟ್ಟು ಅಮುಕು, ನೀರೇ ಸೋರಲ್ಲ, ಇನ್ನು ರಕ್ತ ಸೋರುತ್ತಾ ಅಂತ, ಹಾಕಲಿಲ್ಲ, ಅಷ್ಟು ಹುಚ್ಚು ಹಿಡಿದಿಲ್ಲ. ಮನೆ ಕಟ್ಟಿಸುತ್ತಿರುವ ಅಮ್ಮಾವ್ರು ಒಂದು ದಿನ ನೋಡಲು ಬಂದು, ಮೂಗಿಗೆ ಸೆರಗು ಹಿಡಿದು, ಗ್ಲಿಸರಿನ್ನು, ನಿಂಬೆರಸ, ಹಚ್ಚಿ ಕಾಲುಚೀಲ ಹಾಕ್ಕೊಂಡು ಮಲಗಪ್ಪ, ಒಂದು ವಾರ ನೀರಿಗೆ ಇಳೀಬೇಡ ಅಂದರು, ನೀರಿಗೆ ಇಳೀದೆ ನಿಮ್ಮ ನೆಲವನ್ನು ನಿಮ್ಮ ಗಂಡ ಹಾಕ್ತಾನಾ ಅಂತ ಬಾಯಿ ತುದಿಗೆ ಬಂತು, ಮೇಸ್ತ್ರಿ ಕಣ್ಣು ಬಿಟ್ಟ, ನುಂಗಿದೆ. ನಿಂಬೆರಸವನ್ನು ಬಿರುಕಿಗೆ ಹಾಕಿ ನೋಡಲಿ ಒಂದು ಸಲ ಅವರು, ಸತ್ತ ಅಜ್ಜ ಎದ್ದು ಕೂರುತ್ತಾನೆ. ಕೊನೆಗೆ ನಾನೇ, ನನ್ನ ಕೋಣೆಯಲ್ಲಿ, ಒಂದು ಚಾಪೆ ಒಂದು ಬಕೆಟ್ಟು ಒಂದು ಸ್ಟೌ ಇರುವ ಕೋಣೆಯಲ್ಲಿ, ಅಮ್ಮ ಮಾಡುತ್ತಿದ್ದ ಹಾಗೆಯೇ ಮಾಡಲು ಹೋದೆ, ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತೆ, ಒರಟು ಕಲ್ಲಿನಲ್ಲಿ ಉಜ್ಜಿದೆ, ಎಣ್ಣೆಯಲ್ಲಿ ಮೇಣದ ಬತ್ತಿಯ ತುಂಡು ಕರಗಿಸಿದೆ, ಎಲ್ಲಾ ಸರಿಯೇ, ಆಮೇಲೆ? ಆಮೇಲೆ ಹಿಮ್ಮಡಿ ಎಲ್ಲಿ! ತನ್ನ ಹಿಮ್ಮಡಿ ತನಗೆ ಕಾಣುವುದಿಲ್ಲ, ಇಪ್ಪತ್ತು ವರ್ಷ ದಾಟಿದ ಮೇಲೆ ಗೊತ್ತಾಗಬೇಕಾ ಅದು, ಕಾಲು ತಿರುಚಿದರೆ ಮೀನಖಂಡ ಹಿಡಿದುಕೊಂಡಿತು, ಗೋಡೆಗೆ ಕನ್ನಡಿ ಒರಗಿಸಿ ಅದರಲ್ಲಿ ನೋಡಿಕೊಂಡು ಸುರಿದರೆ ಎಡ ಬಲ ತಪ್ಪಿ ಮೇಣವೆಲ್ಲ ಚಾಪೆಗೆ, ಚಾಪೆಯ ಬಿರುಕು ಚೆನ್ನಾಗಿ ಮುಚ್ಚಿತು, ನಾನು ಒಬ್ಬನೇ ಕೂತು ನಕ್ಕೆ, ನಗು ಗೋಡೆಗೆ ತಾಕಿ ವಾಪಸು ಬಂತು, ಆಮೇಲೆ ನಗಲಿಲ್ಲ. ಅದು ಇಬ್ಬರು ಬೇಕಾದ ಮದ್ದು. ಒಬ್ಬರು ಬೋರಲು ಮಲಗಬೇಕು, ಒಬ್ಬರು ಹನಿಸಬೇಕು. ಅಮ್ಮ ಬೋರಲು ಮಲಗುತ್ತಿದ್ದಳು, ಗಾರೆ ಬಾಣಲಿ ಹೊತ್ತು ಬಂದವಳು, ಗಲ್ಲಕ್ಕೆ ಕೈ ಕೊಟ್ಟು, ನಾನು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಯ ತುದಿಯಿಂದ ಒಂದೊಂದೇ ಹನಿ, ಮೇಣ ಕೆನೆಗಟ್ಟುವ ಹೊತ್ತಿಗೆ ಸರಿಯಾಗಿ ಹನಿಸಬೇಕು, ಮೊದಲೇ ಹನಿಸಿದರೆ ಸುಡುತ್ತೆ, ತಡವಾದರೆ ಇಳಿಯಲ್ಲ, ಉಫ್ ಅನ್ನೋ, ಉಫ್ ಅನ್ನು ಮಗಾ, ಅಂತಿದ್ದಳು, ನಾನು ಊದುತ್ತಿದ್ದೆ, ಅವಳ ಒಂದೊಂದು ಬಿರುಕೂ ನನಗೆ ಗೊತ್ತಿತ್ತು, ಉದ್ದದ್ದು, ಕವಲೊಡೆದದ್ದು, ಬಲಗಾಲಿನ ಒಳಮಗ್ಗುಲಲ್ಲಿ ಯಾವತ್ತೂ ಮುಚ್ಚದೆ ಇದ್ದದ್ದು, ನನ್ನ ಊರಿನ ಬೀದಿಗಿಂತ ಚೆನ್ನಾಗಿ ಗೊತ್ತಿತ್ತು. ಮುಗಿದ ಮೇಲೆ, ಈಗ ನೀನು ಬಾ, ನಿನ್ನ ಸರದಿ, ಅಂತಿದ್ದಳು, ನನಗೇನೂ ಬಿರಿದಿರುತ್ತಿರಲಿಲ್ಲ, ಆದರೂ.

ಆ ಕಾಲು ನೋಡಿಯೇ ಅಲ್ಲವಾ ಸ್ಕೂಲು ಬಿಟ್ಟದ್ದು, ಎಂಟನೇ ಕ್ಲಾಸು, ಮೇಷ್ಟ್ರು ಬಂದು ಕೇಳಿದಾಗ ಇನ್ನು ನಾನು ಬರಲ್ಲ ಸಾರ್ ಅಂದೆ, ಅಮ್ಮನಿಗೆ, ನೀನು ಕೂತ್ಕೋ, ಬಾಣಲಿ ನಾನು ಹೊರ್ತೀನಿ ಅಂದೆ, ಅತ್ತಳು, ಆಮೇಲೆ ಕೂತಳು, ಎಷ್ಟು ದಿನ ಕೂತಳು? ಕೂತವಳು ಎದ್ದು ಹೋಗಿ ಆ ಮನೆ ಸೇರಿಕೊಂಡಳಲ್ಲ, ಹಾಸಿಗೆ ಹಿಡಿದ ಯಾರೋ ಮುದುಕಿಯನ್ನು ನೋಡಿಕೊಳ್ಳಲು, ಅಲ್ಲೇ ಊಟ ಅಲ್ಲೇ ನಿದ್ದೆ, ನಿನ್ನ ಮೇಲೆ ಎಷ್ಟು ದಿನ ಭಾರ ಆಗಿರ್ಲಿ, ನಿಂಗೂ ಒಂದು ದಾರಿ ಆಗ್ಬೇಕಲ್ಲ ಅಂದಳು. ಭಾರ ಅಂತೆ. ನಾನು ಯಾವತ್ತು ಅಂದೆ ಭಾರ ಅಂತ, ಬಾಣಲಿ ಭಾರ, ಮೂಟೆ ಭಾರ, ಅಮ್ಮ ಭಾರನಾ? ಮೇಲಿಂದ ಫೋನಿನಲ್ಲಿ ವರದಿ ಬೇರೆ, ಅಜ್ಜಿಗೆ ದಿನಾ ಸಂಜೆ ಕಾಲಿಗೆ ಎಣ್ಣೆ ತಿಕ್ತೀನಿ ಕಣೋ, ಬೆಣ್ಣೆ ಥರ ಕಾಲು, ನಡೆದೇ ಇಲ್ಲ ನೋಡು ಜನ್ಮದಲ್ಲಿ, ನಾನಿಲ್ದೆ ಇದ್ರೆ ನಿದ್ದೇನೇ ಮಾಡಲ್ಲ, ಮಗಳೇ ಅಂತಾರೆ ನನ್ನ. ಮಗಳೇ ಅಂತಾರಂತೆ! ನನ್ನ ಹಿಮ್ಮಡಿ ಬಾಯಿ ಬಿಟ್ಟ ರಾತ್ರಿ ನಿನ್ನ ಕೈ ಬೆಣ್ಣೆಯಲ್ಲಿತ್ತು. ಹೇಳಲಿಲ್ಲ, ಹ್ಞೂ ಅಂದೆ, ಫೋನಿನಲ್ಲಿ ನಾನು ಹ್ಞೂ ಬಿಟ್ಟು ಬೇರೆ ಮಾತಾಡಿ ಎಷ್ಟು ಕಾಲವಾಯಿತು. ಮೊಬೈಲು ಬಡಿದುಕೊಳ್ಳುತ್ತಿದೆ, ಜಗಲಿಯ ಮೇಲೆ, ಚೀಲದೊಳಗೆ, ಬಡಿದುಕೊಳ್ಳಲಿ, ನಿಂತಿತು, ಮತ್ತೆ, ಬಿಸಿಲು ನೆತ್ತಿಗೆ ಬಂದಿದೆ, ಗಾಡಿ ನಿಂತಿರಬೇಕು, ಅವಳು ಇಳಿದು ಆ ಕಡೆ ಈ ಕಡೆ ನೋಡುತ್ತಿರಬೇಕು, ನೋಡಲಿ — ಇದೇನಯ್ಯ ಇದು, ಪಂಜರದ ಗಿಣಿ! ಬೆನ್ನ ಹಿಂದಿನಿಂದ, ಸರಳಿನ ಆಚೆಯಿಂದ, ಕಾವಲಿನ ತಾತ, ಬೀಡಿ ವಾಸನೆ, ಬಾಗಿಲಿಂದ ಶುರು ಮಾಡ್ದವನು ನೀನೇನಾ, ಇಷ್ಟು ವರ್ಷದಲ್ಲಿ ಇಂಥ ಪ್ರಾಣಿ ನೋಡಿರ್ಲಿಲ್ಲ ಕಣಪ್ಪ, ತಗೋ, ಅರಚ್ತಾ ಇತ್ತು ನಿನ್ನ ಫೋನು, ನಿಮ್ಮಮ್ಮ ಅಂತೆ. ಸರಳಿನ ಸಂದಿಯಿಂದ ಚಾಚಿದ, ಕೈ ಚಾಚಿದರೆ ಸಿಗುತ್ತಿತ್ತು, ಕೆಲಸದಲ್ಲಿದೀನಿ ಅಂತ ಹೇಳಿ ಅಂದೆ. ಏನು ಕೆಲಸ, ಕಿಟಕಿಗೆ ಕಾವು ಕೊಡ್ತಿದ್ಯಾ? ಕೆಲಸದಲ್ಲಿದೀನಿ ಅಂತ ಹೇಳಿ ತಾತ ಅಂದ್ರೆ. ಅವನು ನನ್ನನ್ನೊಮ್ಮೆ ನೋಡಿದ, ಫೋನು ಕಿವಿಗಿಟ್ಟು, ಇಲ್ಲೇ ಇದಾನಮ್ಮ, ಎಲ್ಲೂ ಹೋಗೋ ಹಾಗಿಲ್ಲ, ನೀವೇ ಬನ್ನಿ, ನಿಲ್ದಾಣದ ಹಿಂದುಗಡೆ ಬೀದಿ, ಹೊಸ ಮನೆ, ಗೇಟಿನ ಮುಂದೆ ಮರಳಿನ ಗುಡ್ಡೆ, ಅಂತ ಗಂಟಲು ಹರಿದುಕೊಂಡ. ಯಾರು ಹೇಳು ಅಂದ್ರು ನಿಮಗೆ, ಯಾರು ಕೇಳಿದ್ರು ನಿಮ್ಮನ್ನ! ಸುಮ್ನಿರೋ, ಅಮ್ಮ ಇರೋವಾಗ ಹಾರಾಡ್ತಾರೆ, ಆಮೇಲೆ ಫೋಟೋಗೆ ಮಾತಾಡ್ತಾರೆ, ಅಂದುಕೊಂಡು ಹೋದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ, ಕೆನ್ನೆಗೆಲ್ಲ ಕೆಂಪು ಮೆತ್ತಿರುತ್ತೆ ಈಗ, ಮೆತ್ತಲಿ, ಬಂದರೆ ಹೇಳುತ್ತೇನೆ, ಎಲ್ಲಾ ಹೇಳುತ್ತೇನೆ, ಹೋಗಬೇಡ ಅನ್ನುತ್ತೇನೆ, ನನ್ನ ಕೋಣೆ ಸಣ್ಣದು ಆದರೆ ಎರಡು ಚಾಪೆ ಹಿಡಿಯುತ್ತೆ ಅನ್ನುತ್ತೇನೆ, ಆ ಮುದುಕಿಗೆ ಬೇರೆ ಯಾರಾದರೂ ಮಗಳು ಸಿಗುತ್ತಾಳೆ ಅನ್ನುತ್ತೇನೆ — ಇಲ್ಲ, ಅನ್ನುವುದಿಲ್ಲ, ಯಾಕೆ ಅನ್ನಬೇಕು, ಹೋಗುವವರಿಗೆ ಗೊತ್ತಾಗಬೇಕು.

ಗಾಡಿಯ ಸದ್ದು, ಗೇಟು ಕಿರ್ರಂದಿತು, ತಾತನ ದನಿ, ಒಳಗೆ ಹೋಗಿ, ಆಮೇಲೆ ಏನೂ ಸದ್ದಿಲ್ಲ, ಬರಿಗಾಲಿನ ಸದ್ದು ಎಲ್ಲಿ ಕೇಳುತ್ತೆ, ಹೊಸ ನೆಲದ ಮನೆ ಅಂತ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾಳೆ, ಬಾಗಿಲಲ್ಲಿ ನಿಂತಿದ್ದಾಳೆ, ಅಮ್ಮ, ಯಾರದೋ ಹಳೆಯ ಒಳ್ಳೆ ಸೀರೆ, ಸ್ವಲ್ಪ ದಪ್ಪಗಾಗಿದ್ದಾಳೆ, ಕೈಯಲ್ಲಿ ಒಂದು ಕವರು, ನನ್ನನ್ನು ನೋಡಿದಳು, ನೆಲ ನೋಡಿದಳು, ಆ ಗೋಡೆಯಿಂದ ಈ ಗೋಡೆವರೆಗೆ, ಆಮೇಲೆ ತನ್ನ ಕಾಲಬುಡ, ಹೊಸ್ತಿಲ ಅಂಚು, ಅಲ್ಲಿಂದ ಶುರುವಾದ ಕರಣೆಯ ಮೊದಲ ಗೀರು, ಎಷ್ಟು ವರ್ಷ ಗಾರೆ ಹೊತ್ತವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಾಗಿಲಿಂದ ಶುರು ಮಾಡಿದ್ಯೇನೋ? ಮೆತ್ತಗೆ ಕೇಳಿದಳು. ನಾನು ಕರಣೆಯ ಅಂಚನ್ನು ಉಗುರಿನಿಂದ ಕೆರೆದೆ. ನನ್ನ ಫೋನು ಬಂದ ಮೇಲೆ ಶುರು ಮಾಡಿದ್ದಾ? ಎಷ್ಟು ಕಪ್ಪಾಗಿದೀಯೋ, ಊಟ ಆಯ್ತಾ, ಆ ಕಾಲೇನೋ ಅದು, ರಕ್ತನಾ ಬಣ್ಣನಾ, ಮೇಣ ಹಾಕ್ಕೊಳಲ್ವಾ, ಉಪ್ಪು ನೀರಲ್ಲಿ ಕಾಲಿಟ್ಕೊಂಡು — ಅಂತ ಅನ್ನುತ್ತಲೇ ಸೀರೆ ಎತ್ತಿ ಹಿಡಿದು ಒಂದು ಕಾಲು ಮುಂದೆ ಚಾಚಿದಳು, ಕೋಣೆಯಗಲ ದಾಟಿ ನನ್ನ ಹತ್ತಿರ ಬರಲು, ನಿಜವಾಗಿ ಬರಲು, ಬೆರಳು ಇನ್ನೇನು ನೆಲಕ್ಕೆ ತಾಕಬೇಕು, ಕಾಲಿಡ್ಬೇಡ! ಕಿರುಚಿದೆ, ಕಾಲಿಡ್ಬೇಡ, ಹಸಿ ಇದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ತಕ್ಷಣ ಎಳೆದುಕೊಂಡಳು, ಗಾರೆ ಕೆಲಸದವಳಲ್ಲವಾ, ಹೌದು ಹೌದು ಕೆಡುತ್ತೆ ಅಂದಳು, ನಾನು ಹೇಳಿದ್ದು ಕೇಳಬೇಕಿತ್ತಾ, ಇಷ್ಟು ದಿನ ಕೇಳದೆ ಇದ್ದವಳು ಇವತ್ತು ಈ ಒಂದು ಮಾತು ಕೇಳಬೇಕಿತ್ತಾ, ಇಡು, ಇಡು ಕಾಲು, ಕೆಡಿಸು, ಮೇಸ್ತ್ರಿ ಬಾಯಿಗೆ ಬಂದದ್ದು ಬೈಯಲಿ, ಕೆಲಸ ಹೋಗಲಿ, ಬಾ — ಯಾವುದೂ ಬಾಯಿಂದ ಹೊರಗೆ ಬರಲಿಲ್ಲ. ಹೊರಗೆ ಹಾರ್ನು. ಬಂದೆ ಬಂದೆ, ಅಜ್ಜಿ ಒಬ್ರೇ ಕೂತಿದಾರೆ ಗಾಡೀಲಿ ಅಂದಳು, ಕವರನ್ನು ಹೊಸ್ತಿಲ ಹೊರಗೆ ಗೋಡೆಗೊರಗಿಸಿದಳು, ನಂಗೆ ಕೋಪ ಇಲ್ಲ ಕಣೋ ನಿನ್ನ ಮೇಲೆ ಅಂದಳು, ನಿನಗೆ ಕೋಪನಾ, ಕೋಪ ಯಾರಿಗಿರಬೇಕು, ಇಳಿದ ಮೇಲೆ ಕಾಲು ತೊಳ್ಕೋ ಅಂದಳು, ಸೆರಗಿನ ತುದಿ ಕಣ್ಣಿಗೆ ಹೋಗಿ ಬಂತು, ತಿರುಗಿದಳು, ಸೀರೆಯನ್ನು ಇನ್ನೂ ಎತ್ತಿಯೇ ಹಿಡಿದಿದ್ದಳು, ಬಿಡಲು ಮರೆತಿದ್ದಳು, ಹಾಗಾಗಿ ಕಂಡಿತು, ಹಿಮ್ಮಡಿ, ಮೊದಲು ಬಲಗಾಲಿನದು ಎದ್ದಿತು, ಆಮೇಲೆ ಎಡಗಾಲಿನದು, ಯಾರ ಹಿಮ್ಮಡಿ ಇದು, ಗುಲಾಬಿ ಬಣ್ಣಕ್ಕೆ, ನುಣ್ಣಗೆ, ಒಂದು ಗೆರೆಯಿಲ್ಲ, ಒಳಮಗ್ಗುಲಲ್ಲಿ ಯಾವತ್ತೂ ಮುಚ್ಚದೆ ಇದ್ದದ್ದು ಇಲ್ಲ, ಕವಲೊಡೆದದ್ದು ಇಲ್ಲ, ಮುಚ್ಚಿಕೊಂಡಿದೆ, ಯಾರು ಹನಿಸಿದರು, ಯಾರು ಊದಿದರು, ಯಾರೂ ಊದದೇ ತಾನೇ ಮುಚ್ಚಿಕೊಂಡಿತಾ, ಸಂತೋಷಪಡಬೇಕಲ್ಲವಾ ನಾನು, ಸ್ಕೂಲು ಬಿಟ್ಟದ್ದು ಇದಕ್ಕೇ ಅಲ್ಲವಾ, ಅಮ್ಮಾ ಅಂದೆ, ಅಂದೆನಾ, ಅಷ್ಟರಲ್ಲಿ ಎರಡನೇ ಹಾರ್ನು, ಗೇಟು, ಗಾಡಿ ಹೋದ ಸದ್ದು, ಆಮೇಲೆ ಗಾಡಿ ಇಲ್ಲದ ಸದ್ದು, ಯಾಕೋ ಒಂದು ಮಾತೂ ಆಡಲಿಲ್ಲ ಅಂತ ತಾತ ಸರಳಿನ ಆಚೆ ಏನೋ ಕೇಳುತ್ತಿದ್ದಾನೆ, ಬಲಗಾಲು ಏಳುತ್ತೆ, ನುಣ್ಣಗೆ, ಎಡಗಾಲು ಏಳುತ್ತೆ, ನುಣ್ಣಗೆ, ಬಾಗಿಲಲ್ಲಿ ಯಾರೂ ಇಲ್ಲ, ಬಲಗಾಲು ಏಳುತ್ತೆ, ಹಿಮ್ಮಡಿ, ಒಂದು ಬಿರುಕಿಲ್ಲ, ಎಲ್ಲೂ ಇಲ್ಲ, ಹನಿಸಲು ಜಾಗವೇ ಇಲ್ಲ