ಹತ್ತು ಸೆಕೆಂಡಿನ ಕಸ

ನನ್ನ ಗಂಡ ನನ್ನನ್ನು 'ಕತ್ತರಿ' ಎಂದು ಕರೆಯುತ್ತಿದ್ದರು. ಬಟ್ಟೆ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು ನಾನು. ಹೊಲಿದು ಬಂದ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲಿ ದಾರದ ತುದಿ ಇಣುಕುತ್ತದೋ ಅಲ್ಲಿ ಚಕ್ಕನೆ ಕತ್ತರಿಸುವುದು ನನ್ನ ಕೆಲಸ. ಒಂದು ಎಳೆ ಉಳಿದರೂ ಅಂಗಿ ವಾಪಸ್ಸು. ಆದರೆ ಆ ಹೆಸರಿಗೆ ಕಾರಣ ಕೆಲಸವಲ್ಲ, ನನ್ನ ನಾಲಿಗೆ ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿಕೊಳ್ಳಲಿ ಎಂದು ಬಿಟ್ಟಿದ್ದೆ.

ಅವರದು ಮರ ಕೊಯ್ಯುವ ಮಿಲ್ಲು. ಮೂವತ್ತು ವರ್ಷ ಗರಗಸದ ಮುಂದೆ ಕಳೆದರು. ಸಂಜೆ ಬಂದು, ಮೈಮೇಲಿನ ಮರದ ಹೊಟ್ಟು ಕೊಡವಿ, ಸ್ನಾನ ಮಾಡಿ ಕೊಳಲು ಹಿಡಿದರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು. ನುಡಿಸುತ್ತಿದ್ದುದು ತಾವೇ ಕಟ್ಟಿದ ರಾಗಗಳನ್ನು. ಒಟ್ಟು ಹದಿನಾಲ್ಕು. ಒಂದರ ಹೆಸರು 'ಬಸ್ಸು ತಪ್ಪಿದ್ದು', ಇನ್ನೊಂದು 'ಮಗಳ ಮೊದಲ ಹಲ್ಲು', ಮತ್ತೊಂದು 'ಕತ್ತರಿಯ ಸಿಟ್ಟು'. ಆ ಕೊನೆಯದು ಬೇಗ ಬೇಗ ಓಡಿ, ಇದ್ದಕ್ಕಿದ್ದಂತೆ ಮೆತ್ತಗಾಗುತ್ತಿತ್ತು. ನಾನು ಹಾಗೇನೂ ಮೆತ್ತಗಾಗುವವಳಲ್ಲ ಎಂದು ಜಗಳ ಆಡಿದ್ದೂ ಉಂಟು.

ಡಾಕ್ಟರು ಎದೆಯ ಎಕ್ಸ್‌ರೇ ತೋರಿಸಿ, ಮಿಲ್ಲಿನ ಮರದ ಹೊಟ್ಟು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ. "ಇನ್ನೊಂದು ವರ್ಷ ಕೊಳಲು ಊದಬಹುದಾ ಡಾಕ್ಟ್ರೇ?" ಡಾಕ್ಟರು ಚೀಟಿ ಬರೆಯತೊಡಗಿದರು.

ಬಸ್ಸಿನಲ್ಲಿ ಬರುವಾಗ ಇವರೇ ಅಂದರು. "ಮಗಳು ಬಿಟ್ಟುಹೋದ ಹಳೇ ಕಂಪ್ಯೂಟರ್ ಇದೆಯಲ್ಲ, ಎಲ್ಲಾನೂ ಅದರಲ್ಲಿ ಹಿಡಿದಿಟ್ಟುಬಿಡೋಣ ಕಣೇ. ಹದಿನಾಲ್ಕೇ ತಾನೆ?"

"ನೀವು ಊದೋದು ನೋಡ್ಕೊಳ್ಳಿ. ಹಿಡಿಯೋದು ನನಗೆ ಬಿಡಿ," ಎಂದೆ. ಮೈಕು ಎಂದರೆ ಸಭೆಯಲ್ಲಿ 'ಹಲೋ ಹಲೋ' ಅನ್ನುವ ವಸ್ತು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಧ್ವನಿ ಸಾಮಾನಿನ ಅಂಗಡಿಯ ಯಜಮಾನ ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಅದನ್ನೇ ಹುಡುಕುವ ಜಾತಿಯವನು. ಮೊದಲು ಒಂದು ದೊಡ್ಡ ಮೈಕು ತೋರಿಸಿದ. ಅದಕ್ಕೂ ಕಂಪ್ಯೂಟರಿಗೂ ಮಧ್ಯೆ ಒಂದು ಪೆಟ್ಟಿಗೆ ಬೇಕಂತೆ, ಪೆಟ್ಟಿಗೆಗೆ ಬೇರೆ ವೈರು, ಬೇರೆ ಬೆಲೆ. ನನ್ನ ಮುಖ ನೋಡಿ ಅವನೇ ದಾರಿಗೆ ಬಂದ.

"ಒಬ್ಬರು, ಒಂದು ಕೊಳಲು, ಅಷ್ಟೇ ತಾನೆ ಅಮ್ಮಾ? ನಾಲ್ಕು ವಾದ್ಯ ಒಟ್ಟಿಗೆ ಹಿಡಿಯೋರಿಗೆ ಆ ಪೆಟ್ಟಿಗೆ. ನಿಮಗೆ ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸೋ ಮೈಕ್ ಸಾಕು. ಆದ್ರೆ ಹೆಡ್‌ಫೋನ್ ಮಾತ್ರ ಕಿವಿ ಪೂರ್ತಿ ಮುಚ್ಚೋದು ತಗೊಳ್ಳಿ. ಅದರಲ್ಲಿ ಜಿಪುಣತನ ಮಾಡ್ಬೇಡಿ."

ಜಿಪುಣತನ ಮಾಡಬೇಡ ಎಂದರೆ ನಾನು ಕೇಳುತ್ತೇನೆಯೇ? ಗಾಜಿನ ಕಪಾಟಿನಲ್ಲಿ ನೋಡಲು ಇಟ್ಟಿದ್ದ ಮೈಕನ್ನೇ ತೆಗೆಸಿ, ಬೆಳಕಿಗೆ ಹಿಡಿದು, ಬುಡದಲ್ಲಿ ಉಗುರಿನಷ್ಟು ಬಣ್ಣ ಹೋದದ್ದನ್ನು ಹಿಡಿದೆ. "ಮೈಕು ಬುಡದಿಂದ ಕೇಳಿಸಿಕೊಳ್ಳಲ್ಲ ಅಮ್ಮಾ," ಎಂದ ಯಜಮಾನ. "ನಾನು ದುಡ್ಡು ಮಾತ್ರ ಪರ್ಸಿನ ಬುಡದಿಂದಾನೇ ಕೊಡ್ಬೇಕಲ್ಲಪ್ಪ," ಎಂದೆ. ಬೆಲೆ ಇಳಿಸಿದ. ಇವರು ಬಾಗಿಲ ಬಳಿ ನಿಂತು ಮುಸಿಮುಸಿ ನಕ್ಕರು. ಆ ನಗುವಿಗೂ ದಮ್ಮು ಕಟ್ಟಿತು.

ಉಳಿದದ್ದೆಲ್ಲ ಮನೆಯದೇ. ಕೆಟ್ಟ ಟೇಬಲ್ ಫ್ಯಾನಿನ ಕಾಲು ಮೈಕಿಗೆ ಸ್ಟ್ಯಾಂಡ್ ಆಯಿತು. ಕಸೂತಿ ಹಾಕುವ ಮರದ ಬಳೆಗೆ ತೆಳು ಬಟ್ಟೆ ಬಿಗಿದು, ಊದಿದ ಗಾಳಿ ನೇರ ಹೊಡೆಯದಂತೆ ಮೈಕಿನ ಮುಂದೆ ಕಟ್ಟಿದೆ. ಮಲಗುವ ಕೋಣೆಯ ಬೀರುವಿನ ಬಾಗಿಲು ತೆರೆದು, ಎರಡು ಕಡೆ ರಜಾಯಿ ಇಳಿಬಿಟ್ಟು, ನಡುವೆ ಕುರ್ಚಿ ಹಾಕಿ ಇವರನ್ನು ಕೂರಿಸಿದೆ. "ಇದೇನೇ, ನನ್ನ ಮಡಿಚಿ ಬೀರುವಿನಲ್ಲಿಡ್ತೀಯಾ?" ಎಂದರು.

ಮೊದಲ ರಾಗ ಹಿಡಿದು ಹೆಡ್‌ಫೋನಿನಲ್ಲಿ ಕೇಳಿದೆ. ಕೊಳಲು ಚೆನ್ನಾಗಿಯೇ ಬಂದಿತ್ತು. ಆದರೆ ಎರಡು ಸಾಲಿನ ನಡುವೆ ಅವರ ಉಸಿರು, ನೆಲಕ್ಕೆ ಉಜ್ಜುವ ಬಾಗಿಲಿನ ಹಾಗೆ, ಗೊರಗೊರ ಎನ್ನುತ್ತಿತ್ತು. ಮೈಕನ್ನು ದೂರ ಸರಿಸಿದರೆ ಫ್ರಿಜ್ಜಿನ ಸದ್ದು, ಬೀದಿಯ ಹಾರನ್ನು. ಹತ್ತಿರ ತಂದರೆ ಮತ್ತೆ ಉಸಿರು. ನಾನು ಮೈಕನ್ನೇ ಬಯ್ಯುತ್ತಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಇವರು. "ಊದಲಾರದವನು ಮೈಕು ಡೊಂಕು ಅನ್ನಲಿ ಬಿಡು. ಇರಲಿ ಕಣೇ, ಅದೂ ನಂದೇ ಸದ್ದಲ್ವಾ."

ನನಗೆ ಅದು ಬೇಡವಾಗಿತ್ತು. ಕೇಳಿದವರು ಅಯ್ಯೋ ಪಾಪ ಅನ್ನಬಾರದು, ಗಟ್ಟಿ ಗಂಡಸು ಊದಿದ ಹಾಗೆ ಇರಬೇಕು ಎಂಬ ಹಟ.

ಮತ್ತೆ ಅಂಗಡಿಗೆ ಹೋದೆ. ಯಜಮಾನ ದುಡ್ಡಿಲ್ಲದೆ ಸಿಗುವ ಒಂದು ಸಾಫ್ಟ್‌ವೇರ್ ಹೇಳಿಕೊಟ್ಟ. "ನಿಮಗೆ ಯಾವ ಸದ್ದು ಬೇಡವೋ ಅದನ್ನೊಂದನ್ನೇ ಹತ್ತು ಸೆಕೆಂಡು ಹಿಡೀರಿ. ಇದು ಬೇಡ ಅಂತ ಕಂಪ್ಯೂಟರಿಗೆ ತೋರಿಸಿ. ಎಲ್ಲಿದ್ರೂ ಹುಡುಕಿ ತೆಗೆದುಹಾಕುತ್ತೆ. ಆ ಮಾದರಿ ಬೇರೆ ಫೈಲಿನಲ್ಲಿ ಇಟ್ಕೊಳ್ಳಿ, ಪ್ರತಿ ಸಲ ಬೇಕಾಗುತ್ತೆ."

ಮನೆಗೆ ಬಂದು ಇವರನ್ನು ಕುರ್ಚಿಯಲ್ಲಿ ಕೂರಿಸಿ, ಕೊಳಲು ಕೆಳಗಿಡಿಸಿದೆ. ಸುಮ್ಮನೆ ಉಸಿರಾಡಿ ಎಂದೆ. ಹಿಡಿದುಕೊಂಡೆ. ಅದಕ್ಕೆ 'ಕಸ' ಎಂದು ಹೆಸರಿಟ್ಟೆ.

ಎರಡು ತಿಂಗಳು ಅದೇ ಕೆಲಸ. ಕಾರ್ಖಾನೆಯಲ್ಲಿ ದಾರ, ಮನೆಯಲ್ಲಿ ಉಸಿರು. ಕಂಪ್ಯೂಟರ್ ಬಿಟ್ಟದ್ದನ್ನು ನಾನೇ ಒಂದೊಂದಾಗಿ ಗುರುತು ಹಾಕಿ ಕತ್ತರಿಸಿದೆ. ಕೊನೆಯದಾಗಿ ಹಿಡಿದದ್ದು 'ಕತ್ತರಿಯ ಸಿಟ್ಟು'. ಆಗ ಒಂದು ಸಲಕ್ಕೆ ಮೂರು ಸ್ವರ ಊದುವಷ್ಟೇ ಶಕ್ತಿ ಉಳಿದಿತ್ತು. ಊದುವುದು, ಕುರ್ಚಿಗೆ ಒರಗುವುದು, ಮತ್ತೆ ಮೂರು. ನಾನು ಆ ತುಂಡುಗಳನ್ನೆಲ್ಲ ಜೋಡಿಸಿ ಹೊಲಿದೆ. ಒಂದು ಹೊಲಿಗೆಯೂ ಕಾಣಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದು ಎಂದು ಕಂಪ್ಯೂಟರ್ ಗೊಣಗಿದಾಗ, ಮೊದಲು ಹಿಡಿದಿದ್ದ ಕಚ್ಚಾ ಫೈಲುಗಳನ್ನೆಲ್ಲ ಅಳಿಸಿದೆ. ಕತ್ತರಿಸಿದ ಚಿಂದಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ಇವರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಭೇಷ್ ಕಣೇ! ಇವನ್ಯಾರೋ ಗಟ್ಟಿಮುಟ್ಟು ಆಸಾಮಿ. ಇವನಿಗೆ ಕಾಯಿಲೆಯೇ ಇಲ್ಲ," ಎಂದರು. ನಾನು ಹಿಗ್ಗಿಹೋದೆ. ಅದು ಹೊಗಳಿಕೆ ಎಂದೇ ತಿಳಿದೆ.

ಅದಾದ ಹನ್ನೊಂದನೆಯ ದಿನ, ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ, ಹೋಗಿಬಿಟ್ಟಿದ್ದರು.

ಆಮೇಲೆ ಒಲೆಯ ಮುಂದೆ ನಿಂತರೂ ಅಡುಗೆ ಸಾಗಲಿಲ್ಲ. ಎರಡು ವರ್ಷದಿಂದ ಅಡುಗೆಮನೆಯಲ್ಲಿ ನಿಂತು ಏನೇ ಮಾಡುತ್ತಿದ್ದರೂ ಒಂದು ಕಿವಿ ಆ ಗೊರಗೊರದ ಮೇಲೆಯೇ ಇರುತ್ತಿತ್ತು. ಅದು ಕೇಳುತ್ತಿದ್ದರೆ ಅವರಿದ್ದಾರೆ, ಸಾರಿಗೆ ಉಪ್ಪು ಹಾಕಬಹುದು. ಈಗ ಕಿವಿ ಆ ಕಡೆ ಹೋಗುತ್ತದೆ, ಬರಿಗೈಯಲ್ಲಿ ವಾಪಸ್ಸು ಬರುತ್ತದೆ. ಹದಿನಾಲ್ಕೂ ರಾಗಗಳನ್ನು ಹಾಕಿಕೊಂಡು ಕೂತೆ. ಒಂದು ಸಾಲು ಮುಗಿದೊಡನೆ ಅವರು ಉಸಿರೆಳೆದುಕೊಳ್ಳಬೇಕಾದ ಜಾಗದಲ್ಲಿ ಏನೂ ಇಲ್ಲ. ಪ್ರತಿ ಸಾಲಿನ ಕೊನೆಗೂ ಅವರು ಮತ್ತೊಮ್ಮೆ ಹೋಗುತ್ತಿದ್ದರು.

ದೂರದಲ್ಲಿ ಸಂಸಾರ ಮಾಡಿಕೊಂಡಿರುವ ಮಗಳು ಬಂದಿದ್ದಳು. ಅವಳೂ ಎರಡು ರಾಗ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು.

"ತುಂಬಾ ಚೆನ್ನಾಗಿದೆ ಅಮ್ಮ. ಆದ್ರೆ ಅಪ್ಪ ಎಲ್ಲಿ?"

"ಮತ್ತೆ ಊದ್ತಿರೋದು ನಿಮ್ಮಜ್ಜನಾ?" ಎಂದು ರೇಗಿದೆ. ರೇಗಿದವಳು ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರನ್ನು ನಾನೇ, ನನ್ನ ಕೈಯಾರೆ, ಎಳೆ ಎಳೆಯಾಗಿ ಕತ್ತರಿಸಿ ಹಾಕಿದ್ದೆ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ತೆಗೆದ ಉಸಿರನ್ನು ಮತ್ತೆ ಹಾಕಬಹುದೇ ಎಂದು ಕೇಳಿದೆ. ಯಜಮಾನ ಹಣೆಯ ಮೇಲಿನ ಕನ್ನಡಕ ತೆಗೆದು ಒರೆಸುತ್ತ ನಿಂತ.

"ತೆಗೆದಿದ್ದು ತೆಗೆದ ಹಾಗೇ ಅಮ್ಮಾ. ಕಚ್ಚಾ ಫೈಲು ಇಟ್ಟಿದ್ದೀರಲ್ಲ?"

"ಅಳಿಸಿದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೆಟ್ಟಿಲು ಇಳಿಯುತ್ತಿದ್ದವಳನ್ನು ಅವನೇ ಕೂಗಿದ. "ಅಮ್ಮಾ, ಆ ಮಾದರಿ? ಬೇಡದ ಸದ್ದು ಅಂತ ಹತ್ತು ಸೆಕೆಂಡು ಹಿಡಿದಿದ್ರಲ್ಲ, ಅದನ್ನೂ ಅಳಿಸಿದ್ರಾ?"

ಮನೆಗೆ ಹೇಗೆ ಬಂದೆನೋ ತಿಳಿಯದು. ಚಪ್ಪಲಿ ಕಾಲಲ್ಲೇ ಇತ್ತು. ಮಗಳು ಹೆಡ್‌ಫೋನಿನ ವೈರು ಕಿತ್ತು, ಇಬ್ಬರಿಗೂ ಕೇಳುವ ಹಾಗೆ ಮಾಡಿದಳು. ಪಟ್ಟಿಯ ತೀರ ಕೆಳಗೆ 'ಕಸ' ಇತ್ತು.

ಕುರ್ಚಿ ಕಿರುಗುಟ್ಟಿತು. ಉಸಿರು ಒಳಗೆ ಹೋಯಿತು, ಗೊರಗೊರ ಎಂದು ಹೊರಗೆ ಬಂತು. ಮಗಳು ನನ್ನ ಕೈ ಹಿಡಿದಳು. ಎರಡು. ಮೂರು. ಅವರು ರಜಾಯಿಗಳ ನಡುವೆ ಕೂತಿದ್ದಾರೆ, ಎದ್ದು ಹೋದರೆ ಸಿಗುತ್ತಾರೆ ಎನ್ನಿಸಿತು. ಮಾದರಿಗೆಂದು ನಾನು ಗುರುತು ಹಾಕಿದ್ದು ಆ ಮೂರನೆಯ ಉಸಿರಿನವರೆಗೆ ಮಾತ್ರ. ಅದರ ಮುಂದಿದ್ದದ್ದನ್ನು ಕತ್ತರಿಸಲು ಮರೆತಿದ್ದೆ. ನಾಲ್ಕನೆಯ ಉಸಿರಿನ ನಡುವೆ ಅವರ ದನಿ ಬಂತು, ಮೆತ್ತಗೆ.

"ಲೇ ಕತ್ತರಿ, ನಿನಗೊಂದು ಮಾತು ಹೇಳ್ಬೇಕಿತ್ತು..."

ಅದರ ಮೇಲೆಯೇ ನನ್ನ ದನಿ. "ಶ್! ಮಾತಾಡ್ಬೇಡಿ ರೀ, ಹಾಳಾಗುತ್ತೆ."

ಅಲ್ಲಿಗೆ ಹತ್ತು ಸೆಕೆಂಡು ಮುಗಿಯಿತು.

"ಏನು ಹೇಳಿದ್ರು ಅಮ್ಮ, ಆಮೇಲೆ?" ಎಂದಳು ಮಗಳು.

ನಾನು ಕೇಳಿರಲಿಲ್ಲ.